ಬಸ್ರಾದ ಮದುವೆಯಂಗಳಕ್ಕೆ ಬಿದ್ದ ಗುಂಡುಗಳು

ಮದುವೆಗಳಲ್ಲಿ ಆಕಾಶಕ್ಕೆ ಗುಂಡು ಹಾರಿಸಬಾರದೆಂದು ಕಾನೂನಾದ ವರ್ಷವೇ ಬಸ್ರಾದಲ್ಲಿ ನನ್ನ ಮಗನ ಮದುವೆ ನಡೆಯಿತು. ಹಿಂದೆ ಯಾರದೋ ಸಂಭ್ರಮದ ಗುಂಡು ಮೇಲಿನಿಂದ ಬಿದ್ದು ನನ್ನ ಮಗಳು ಸತ್ತಿದ್ದಳು. ಅವಳ ಕೂಸು ರುಕಯ್ಯಾ ನನ್ನ ಬಳಿಯೇ ಇತ್ತು. ಆದುದರಿಂದ ಬಂದವರ ಬಂದೂಕುಗಳನ್ನೆಲ್ಲ ಕೋಣೆಯಲ್ಲಿಟ್ಟು ನಾನೇ ಬೀಗ ಹಾಕಿದೆ.

“ಇದೇನಣ್ಣಾ, ಮದ್ವೆ ಮನೇನೋ ಸಾವಿನ ಮನೇನೋ?” ಎಂದು ತಮ್ಮ ಜಬ್ಬಾರ್ ಹಂಗಿಸಿದ.

“ಕಾನೂನು ಕಣೋ. ಸುಮ್ನೆ ಉಣ್ಣು.”

“ಕಾನೂನು ನೆಲಕ್ಕಣ್ಣಾ, ಆಕಾಶಕ್ಕಲ್ಲ!”

ನಡುಹಗಲು. ಎಲ್ಲಿಯೂ ಗುಂಡಿನ ಸದ್ದಾಗಲಿಲ್ಲ. ಆದರೂ ಅನ್ನದ ಹರಿವಾಣಕ್ಕೆ ಠಣ್ಣೆಂದು ಗುಂಡೊಂದು ಬಿತ್ತು. ಮತ್ತೊಂದು ರುಕಯ್ಯಾಳ ಕಾಲ ಬಳಿ. ಆ ಬಿರುಬಿಸಿಲಿನಲ್ಲಿಯೂ ಎರಡೂ ಮಂಜುಗಡ್ಡೆಯಂತೆ ತಣ್ಣಗಿದ್ದವು. ಮಗುವನ್ನು ಸೂರಿನಡಿಗೆ ಎಳೆದುಕೊಂಡೆ.

“ತಾತಾ, ಇನ್ನೊಂದು ಬರ್ತಾ ಇದೆ,” ಎಂದು ಅವಳು ಮೇಲೆ ಬೆರಳು ತೋರಿದಳು.

ಹನ್ನೊಂದು ವರ್ಷವಾಯಿತು, ಅದು ಬಿದ್ದಿಲ್ಲ. ಈಗ ಬಹಳ ಹತ್ತಿರಕ್ಕೆ ಬಂದಿದೆಯೆಂದು ರುಕಯ್ಯಾ ಹೇಳುತ್ತಾಳೆ.