ಮಾತು ಬಿಟ್ಟ ಮಷೀನು

ಆ ಹಿಟಾಚಿಯನ್ನು ಮೊದಲು ಕಂಡವನು ಮೆಕ್ಯಾನಿಕ್ ಶಿವಶಂಕರ. ಕಂಪನಿ ಯಾವುದೇ ಇರಲಿ, ಚೈನಿನ ಮೇಲೆ ಉರುಳುತ್ತ ಮಣ್ಣು ಅಗೆಯುವ ಮಷೀನಿಗೆ ಗುಂಡ್ಲುಪೇಟೆಯಲ್ಲಿ ಅದೊಂದೇ ಹೆಸರು. ಮೈಸೂರಿನ ಹೊರಗಿನ ಸೆಕೆಂಡ್‌ಹ್ಯಾಂಡ್ ಯಾರ್ಡಿನಲ್ಲಿ ಧೂಳು ಹೊದ್ದು ನಿಂತಿತ್ತು. ಎಂಜಿನ್ನಿನ ಸದ್ದು ಕೇಳಿದ ಕೂಡಲೇ ಒಳ್ಳೆಯ ಮಾಲೆಂದು ಅವನಿಗೆ ಗೊತ್ತಾಯಿತು. ಬೇರೆಯವರ ಮಷೀನುಗಳ ಕೆಳಗೆ ಮಲಗಿ ಮೈಗೆಲ್ಲ ಗ್ರೀಸು ಬಳಿದುಕೊಂಡಿದ್ದು ಸಾಕಾಗಿತ್ತು. ಜೊತೆ ಸೇರಿ ಕೊಳ್ಳೋಣವೆಂದು ಉಮ್ಮತ್ತೂರಿನ ಪುಟ್ಟಮಲ್ಲಪ್ಪನ ಬಳಿ ಹೋದ. ಕೆರೆ ಹೂಳೆತ್ತುವ ಕಂಟ್ರಾಕ್ಟರು ಪುಟ್ಟಮಲ್ಲಪ್ಪ ಕಾಫಿ ಕೊಡಿಸಿ, ಯಾರ್ಡಿನ ವಿಳಾಸ ಕೇಳಿಕೊಂಡು, "ಯೋಚ್ನೆ ಮಾಡನ ಬುಡ್ಲಾ" ಅಂದ. ಅದೇ ವಾರ ತಾನೊಬ್ಬನೇ ಹೋಗಿ ಮಷೀನನ್ನು ಲಾರಿಗೇರಿಸಿಕೊಂಡು ಬಂದ.

ಅಷ್ಟೇ ಆಗಿದ್ದರೆ ಶಿವಶಂಕರ ನುಂಗಿಕೊಳ್ಳುತ್ತಿದ್ದನೇನೋ. ಮೊದಲ ಸರ್ವೀಸಿಗೆ ಫೋನು ಬಂದದ್ದು ಅವನಿಗೇ.

"ನೀನೇ ಮೆಚ್ಚಿದ್ ಮಷೀನಲ್ವಾ, ಬಂದು ಆಯಿಲ್ ಬದ್ಲಾಯ್ಸ್ಬುಟ್ಟು ಓಗು."

ಹೋದ. ಹೋಗುವ ದಾರಿಯಲ್ಲೇ ಏನು ಮಾಡಬೇಕೆಂದು ತೀರ್ಮಾನಿಸಿದ್ದ.

ಈ ಕಾಲದ ಹಿಟಾಚಿಯಲ್ಲಿ ಎಂಜಿನ್ನಿಗೊಂದು ಕಂಪ್ಯೂಟರು, ಪಂಪಿಗೊಂದು, ಡ್ರೈವರನ ಮುಂದೊಂದು ಸ್ಕ್ರೀನು. ಹೆಣೆದ ಎರಡು ಸಣ್ಣ ತಂತಿಗಳ ಮೇಲೆ ಇವೆಲ್ಲ ಒಂದರೊಡನೊಂದು ಮಾತಾಡುತ್ತಿರುತ್ತವೆ. ಮಾತು ನಿಂತರೆ ಸ್ಕ್ರೀನಿನಲ್ಲಿ ಕೆಂಪು ದೀಪ ಹತ್ತಿ, ಎಂಜಿನ್ನು ಮುದಿ ಎತ್ತಿನ ಹಾಗೆ ಏದುಸಿರು ಬಿಡುತ್ತದೆ. ಡ್ರೈವರು ಚಿಕ್ಕಮಾದು ಟೀ ಕುಡಿಯಲು ಹೋದಾಗ ಶಿವಶಂಕರ ಸೀಟಿನ ಹಿಂದಿನ ಒಂದು ತಂತಿಯನ್ನು ಬೆರಳ ನಡುವೆ ಹಿಡಿದು ಬಾಗಿಸಿ ಬಾಗಿಸಿ, ಮೇಲಿನ ರಬ್ಬರು ಹರಿಯದ ಹಾಗೆ ಒಳಗಿನ ತಾಮ್ರವನ್ನಷ್ಟೇ ಮುರಿದ. ತಣ್ಣಗಿದ್ದಾಗ ತುದಿಗಳು ತಾಗಿಕೊಂಡಿರುತ್ತವೆ. ಕೆಲಸ ನಡೆದು ಕ್ಯಾಬಿನ್ನು ಕಾದು ಅಲುಗಿದಾಗ ಬಿಟ್ಟುಕೊಳ್ಳುತ್ತವೆ. ಹೊರಗಿನಿಂದ ಯಾರಿಗೂ ಕಾಣದು. ಬೇಸತ್ತ ಪುಟ್ಟಮಲ್ಲಪ್ಪ ಸಿಕ್ಕಿದ ಬೆಲೆಗೆ ಮಾರುತ್ತಾನೆ. ಕೊಳ್ಳುವವನು ತಾನೇ.

ಲೆಕ್ಕ ತಪ್ಪಲಿಲ್ಲ. ಮಷೀನು ಬೆಳಿಗ್ಗೆ ಚೆನ್ನಾಗಿ ಓಡಿ, ಬಿಸಿಲೇರುತ್ತಲೇ ಕೆರೆಯ ನಡುವೆ ನಿಂತುಬಿಡುತ್ತಿತ್ತು. ಶಿವಶಂಕರ ಲ್ಯಾಪ್‌ಟಾಪು ಹೊತ್ತು ಹೋಗುವಷ್ಟರಲ್ಲಿ ತಣಿದು ಸರಿಯಾಗಿರುತ್ತಿತ್ತು. ಸ್ಕ್ರೀನು ಬದಲಾಯಿಸಿದ. ಸೆನ್ಸರು ಬದಲಾಯಿಸಿದ. ಕೊನೆಗೆ ಪಂಪಿನ ಕಂಪ್ಯೂಟರೇ ಸತ್ತಿರಬೇಕು ಎಂದ. ಮೈಸೂರಿನಿಂದ ಬಂದ ಮೆಕ್ಯಾನಿಕ್ಕೂ ತಲೆ ಕೆರೆದುಕೊಂಡು ಹೋದ.

ಅವನು ಎಣಿಸದೇ ಇದ್ದದ್ದು ತನಗಾಗುವ ಅವಮಾನವನ್ನು. ಇಡೀ ಚಾಮರಾಜನಗರ ಜಿಲ್ಲೆಯಲ್ಲಿ ವೈರಿಂಗ್ ದೋಷ ಹಿಡಿಯುವುದರಲ್ಲಿ ತನ್ನನ್ನು ಮೀರಿಸುವವರಿಲ್ಲ ಎಂದು ನಂಬಿದ್ದವನು, ಎಲ್ಲರ ಎದುರು ಏನೂ ತಿಳಿಯದವನಂತೆ ನಿಲ್ಲಬೇಕಿತ್ತು. ಎರಡು ಬೆರಳಲ್ಲಿ ಮುಗಿಯುವ ಕೆಲಸಕ್ಕೆ ಸಂಜೆಯವರೆಗೆ ಬೆವರು ಸುರಿಸುವ ನಾಟಕ. ಪುಟ್ಟಮಲ್ಲಪ್ಪನೋ ಸುಲಭಕ್ಕೆ ಮಾರುವ ಆಸಾಮಿಯಲ್ಲ. ತಿಂಗಳುಗಟ್ಟಲೆ ಹಲ್ಲು ಕಚ್ಚಿ ಹಿಡಿದುಕೊಂಡ.

"ಆ ನಿನ್ ಲ್ಯಾಪ್‌ಟಾಪ್ನ ಕೆರೆಗ್ ಎಸ್ದ್ಬುಡ್ಲಾ, ಮೀನಾದ್ರೂ ನೋಡ್ಕಳ್ಳಿ!" ಎಂದು ಹೂಳು ತುಂಬುತ್ತಿದ್ದ ಆಳುಗಳ ಮುಂದೆಯೇ ಕೂಗಿದ. ಆಳುಗಳು ನಕ್ಕರು.

ಮಾತು ಸಂತೆಮರಹಳ್ಳಿಯವರೆಗೂ ಹೋಯಿತು. ಬೇರೆ ಗಿರಾಕಿಗಳು ಕರೆಯುವುದನ್ನು ಕಡಿಮೆ ಮಾಡಿದರು. ಹೆಂಡತಿ ನೀಲಾವತಿ ಒಂದು ದಿನ ಊಟಕ್ಕೆ ಬಡಿಸುತ್ತ ಕೇಳಿಯೇಬಿಟ್ಟಳು: "ಅದೇನ್ರೀ, ಆ ಒಂದ್ ಮಷೀನು ನಿಮ್ಗೆ ಸರಿ ಮಾಡಕ್ಕಾಗ್ನಿಲ್ವಂತೆ?" ಹೇಳುವ ಹಾಗಿಲ್ಲ. ತಟ್ಟೆ ಸರಿಸಿ ಎದ್ದುಹೋದ.

ಅಂತೂ ಒಂದು ಮಧ್ಯಾಹ್ನ ಪುಟ್ಟಮಲ್ಲಪ್ಪನೇ ಶೆಡ್ಡಿಗೆ ಬಂದ. ಮುಖ ಬಾಡಿತ್ತು.

"ಸಾಕಾಗೋಯ್ತು ಕಣಪ್ಪ. ಗುಜ್ರಿ ರೇಟಿಗೆ ನೀನೇ ಮಡೀಕ. ಬಿಚ್ಚಿ ಸಾಮಾನಾದ್ರೂ ಮಾರ್ಕ."

"ಕಾಗ್ದ ಪತ್ರ ನಿಧಾನ್ವಾಗಿ ಮಾಡ್ಕಳನ ಬುಡಣ್ಣ," ಎಂದ ಶಿವಶಂಕರ. ಸರಿ ಮಾಡಲಾಗದ ಮಷೀನನ್ನು ಮೆಕ್ಯಾನಿಕ್ಕೇ ಏಕೆ ಕೊಂಡ ಎಂದು ಯಾರಾದರೂ ಈಗಲೇ ಕೇಳುವುದು ಅವನಿಗೆ ಬೇಕಿರಲಿಲ್ಲ. ಪುಟ್ಟಮಲ್ಲಪ್ಪ ತಕ್ಷಣ ಒಪ್ಪಿದ.

ಮಷೀನು ಶೆಡ್ಡಿಗೆ ಬಂದ ದಿನವೇ ಮುರಿದ ತಂತಿ ಕತ್ತರಿಸಿ ಬೆಸೆದ. ಎಂಜಿನ್ನು ಗುಡುಗಿತು. ಆದರೂ ಮನಸ್ಸಿಗೆ ಸಮಾಧಾನವಿಲ್ಲ. ಇಷ್ಟು ದಿನ ನಕ್ಕವರ ಎದುರು ಇದು ಹೊಸ ಮಷೀನಿನಂತೆ ಓಡಬೇಕು. ಲ್ಯಾಪ್‌ಟಾಪು ಸಿಕ್ಕಿಸಿ ನೋಡಿದ. ಯಾವುದೋ ಒಂದು ಯೂನಿಟ್ಟು ಇನ್ನೂ ಉತ್ತರ ಕೊಡುತ್ತಿರಲಿಲ್ಲ. ತನ್ನದೇ ದೋಷದ ಗದ್ದಲದಲ್ಲಿ ಅದನ್ನವನು ಗಮನಿಸಿಯೇ ಇರಲಿಲ್ಲ. ಹುಡುಕಿದಾಗ ನೆಲದ ರಬ್ಬರಿನಡಿ ಕವಲೊಡೆದು ಸೂರಿನತ್ತ ಏರುವ ತಂತಿಯೊಂದು ನೇರವಾಗಿ ತುಂಡಾಗಿತ್ತು. ಹಿಂದೆ ಯಾರೋ ಅರೆಬರೆ ಕಲಿತವನು ಮಾಡಿದ ಕೆಲಸ ಎಂದು ಬೈದುಕೊಂಡು ಚೊಕ್ಕಟವಾಗಿ ಜೋಡಿಸಿದ. ಸ್ಕ್ರೀನಿನಲ್ಲಿ ಒಂದು ದೋಷವೂ ಉಳಿಯಲಿಲ್ಲ. ತಿಂಗಳುಗಳ ಬಳಿಕ ಮೊದಲ ಸಲ ಹಗುರವಾಗಿ ಉಸಿರಾಡಿದ.

ಗೋಪಾಲಸ್ವಾಮಿ ಬೆಟ್ಟದ ದಾರಿಯಲ್ಲಿ ಒಂದು ಕೃಷಿ ಹೊಂಡದ ಕೆಲಸ ಸಿಕ್ಕಿತು. ತಾನೇ ಕೂತು ಓಡಿಸುತ್ತಿದ್ದ. ಅರ್ಧ ಹೊಂಡ ತೆಗೆಯುವಷ್ಟರಲ್ಲಿ ಪೊಲೀಸ್ ಜೀಪು ಬಂತು. ಹಿಂದೆಯೇ ಕೇರಳದ ನಂಬರಿನ ಕಾರು. ಅದರಿಂದಿಳಿದ ಬಿಳಿ ಪಂಚೆಯ ಮುದುಕ ಮಷೀನಿನ ಬಕೆಟ್ಟನ್ನು ಸವರಿ, "ಇದು ಎಂಡೆ ವಂಡಿ ತನ್ನೆ ಸಾರೇ," ಇದು ನನ್ನದೇ ಗಾಡಿ ಎಂದು ಕಣ್ಣೊರೆಸಿಕೊಂಡ. ಮಾಸಿದ ಇನ್‌ವಾಯ್ಸ್ ತೋರಿಸಿದ. ಚಾಸಿಸ್ ನಂಬರು ಹೊಂದಿತು.

"ನಿನ್ನ ಕಾಗದ ಎಲ್ಲಪ್ಪ?" ಎಂದರು ಇನ್‌ಸ್ಪೆಕ್ಟರು.

ಶಿವಶಂಕರ ಪುಟ್ಟಮಲ್ಲಪ್ಪನಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದ. "ಯಾವ್ ಹಿಟಾಚಿ ಕಣಪ್ಪ?" ಎಂದಿತು ಅತ್ತಲಿನ ದನಿ. "ನನ್ ಮಷೀನು ಕೆಟ್ಟಿದ್ದು ಊರ್ಗೆಲ್ಲ ಗೊತ್ತು. ಓಡೋ ಮಷೀನು ನಂದಲ್ಲ." ಫೋನು ಕಟ್ಟಾಯಿತು. ಅದೇ ಇದು, ಕೆಡಿಸಿದ್ದು ನಾನೇ ಎಂದು ಹೇಳಲು ಬಾಯಿ ತೆರೆದ ಶಿವಶಂಕರ ಹಾಗೇ ಮುಚ್ಚಿಕೊಂಡ.

"ಇಷ್ಟು ಕಾಲದ ಮೇಲೆ ಇವರಿಗೆ ಗೊತ್ತಾಗಿದ್ದಾದರೂ ಹೆಂಗೆ ಸಾರ್?" ಎಂದಷ್ಟೇ ಕೇಳಲು ಅವನಿಗಾಯಿತು. ಮುದುಕ ತನ್ನ ಮೊಬೈಲು ತೆಗೆದು ತೋರಿಸಿದ. ಮಷೀನು ಕಳುವಾದ ಮೇಲೂ ಆಸೆ ಬಿಡದೆ, ಕ್ಯಾಬಿನ್ನಿನ ಸೂರಿನೊಳಗೆ ಅಡಗಿಸಿಟ್ಟಿದ್ದ ಟ್ರ್ಯಾಕರಿನ ಸಿಮ್ಮಿಗೆ ರೀಚಾರ್ಜು ಮಾಡಿಸುತ್ತಲೇ ಇದ್ದನಂತೆ. ಕಳ್ಳರು ತಂತಿ ಕತ್ತರಿಸಿದ್ದರಿಂದ ಅದು ಬಾಯಿ ಮುಚ್ಚಿಕೊಂಡಿತ್ತು. ಮೊನ್ನೆ ಯಾರೋ ಪುಣ್ಯಾತ್ಮರು ಜೋಡಿಸಿದ್ದಾರೆ, ಎಂದು ಮುದುಕ ಆಕಾಶಕ್ಕೆ ಕೈಮುಗಿದ.