ಬೆನ್ನಿನ ಕೆಳಗಿನ ಬೆರಳು

ನಾನು ತೆಲಸಂಗದಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿದವನು. ಎಣಿಕೆಗೆ ಸಿಗದ್ದನ್ನು ನಂಬಿದವನಲ್ಲ.

ನನ್ನ ಹೆಂಡತಿ ಕೆಂಪವ್ವನ ಬೆನ್ನುಮೂಳೆಗೆ ಸೋಂಕು ತಗುಲಿತ್ತು. ಅದು ಕ್ಷಯವೋ, ಕೀವಿನ ಸೋಂಕೋ ಎಂದು ತಿಳಿಯದೆ ತಪ್ಪು ಔಷಧ ಕೊಟ್ಟರೆ ಅವಳ ಕಾಲುಗಳ ಬಲವೇ ಹೋಗಬಹುದೆಂದು ವೈದ್ಯರು ಹೇಳಿದ್ದರು. ಅಥಣಿಯಲ್ಲಿ ಸ್ಕ್ಯಾನ್ ಮಾಡಿಸಿದೆವು. ನಾನು ಗಾಜಿನ ಈಚೆ, ಯಂತ್ರ ನಡೆಸುವ ತೌಸಿಫನ ಪಕ್ಕದಲ್ಲಿ ಕುಳಿತಿದ್ದೆ.

ಹೊರಬಂದವಳು ನನ್ನ ಮೇಲೆಯೇ ಸಿಡುಕಿದಳು. “ಏನ್ರಿ, ಇಲ್ಲೂ ನಿಮ್ಮ ಲೆಕ್ಕ ಬಿಡಂಗಿಲ್ಲೇನು? ಕುತ್ತಿಗಿಯಿಂದ ಒಂದೊಂದ ಎಲುಬು ಒತ್ತಿ ಎಣಿಸಿದ್ರಿ. ಹದಿನಾರಕ್ಕ ಬಂದು ನಿಂತಬಿಟ್ರಿ. ಬೆರಳು ಏನ ತಣ್ಣಗದಾವೋ!”

“ಒಳಗ ಯಾರೂ ಇರಲಿಲ್ರಿ ಅಮ್ಮಾರ,” ಎಂದ ತೌಸಿಫ. “ನೀವು ಅಂಗಾತ ಮಲಗಿದ್ರಿ. ಬೆನ್ನ ಕೆಳಗ ಬೆರಳ ಹೋಗೂದರ ಹೆಂಗ?”

ಆಮೇಲೆ ವೈದ್ಯರು ಚಿತ್ರವನ್ನು ಕುತ್ತಿಗೆಯಿಂದ ಎಣಿಸುತ್ತ ಬಂದು, ಹದಿನಾರನೆಯ ಮೂಳೆಯ ಮೇಲೆ ಪೆನ್ನು ಊರಿದರು. ಮೂಳೆ ಸವೆದಿತ್ತು, ಅದರ ಕೆಳಗಿನ ಮೆತ್ತೆ, ಅಂದರೆ ಡಿಸ್ಕ್, ಉಳಿದಿತ್ತು. ಅದು ಕ್ಷಯದ ಲಕ್ಷಣವೆಂದರು. ಸೂಜಿಯಿಂದ ತೆಗೆದ ಮಾದರಿಯೂ ಅದನ್ನೇ ಹೇಳಿತು.

ಒಂದು ವರ್ಷ ಗುಳಿಗೆ ನುಂಗಿದ ಮೇಲೆ ಅದೇ ಯಂತ್ರದಲ್ಲಿ ಮತ್ತೆ ಮಲಗಿದಳು. ಹದಿನಾರನೆಯ ಮೂಳೆ ಗಟ್ಟಿಯಾಗಿದೆ, ಎಲ್ಲಿಯೂ ಸೋಂಕಿಲ್ಲ ಎಂದು ವರದಿ ಬಂತು. ವೈದ್ಯರು ಗುಳಿಗೆ ನಿಲ್ಲಿಸಿದರು.

ಬಸ್ಸಿನಲ್ಲಿ ಕೇಳಿದೆ: “ಈ ಸಲನೂ ಆ ಬೆರಳು ಎಣಿಸ್ತೇನು?”

“ಹ್ಞೂಂರಿ. ಹದಿನಾರು ದಾಟಿ ಹತ್ತೊಂಬತ್ತಕ್ಕ ನಿಂತೈತಿ. ಇನ್ನೂ ಬೆರಳ ತಗದಿಲ್ಲ.”

ವರದಿಯನ್ನು ಮತ್ತಿಬ್ಬರು ವೈದ್ಯರಿಗೆ ತೋರಿಸಿದೆ. ಹತ್ತೊಂಬತ್ತನೆಯ ಮೂಳೆಯಲ್ಲಿ ಏನೂ ಇಲ್ಲವೆಂದರು.

ಆ ಸ್ಕ್ಯಾನ್ ಆಗಿ ಇಂದಿಗೆ ಒಂಬತ್ತು ದಿನ. ಹೊರಗೆ ಬಿಸಿಲು ಸುಡುತ್ತಿದೆ. ಅವಳ ಬೆನ್ನಿನಲ್ಲಿ ಆ ಮೂಳೆಯ ಮೇಲಿನ ಚರ್ಮ ಮಾತ್ರ, ಒಂದು ಬೆರಳಿನಗಲ, ತಣ್ಣಗಿದೆ.