ಟಾರ್ಚ್ ಹಿಡಿದವರ ಕಣ್ಣು

ಗಾಜಿನ ಬಾಗಿಲನ್ನು ಮೊಣಕೈಯಿಂದ ತಳ್ಳಿಕೊಂಡು ಅವನು ಡೈವಿಂಗ್ ಸಾಮಾನಿನ ಅಂಗಡಿಯೊಳಗೆ ಬಂದಾಗ ಎರಡೂ ಕೈಯಲ್ಲಿ ಹೌಸಿಂಗ್ ಇತ್ತು. ನೀರಿನಡಿ ಫೋಟೋ ತೆಗೆಯುವವರು ಕ್ಯಾಮೆರಾವನ್ನು ಒಳಗಿಟ್ಟು ಮುಚ್ಚುವ ಗಟ್ಟಿ ಪೆಟ್ಟಿಗೆ ಅದು. ಅದರ ಪಾರದರ್ಶಕ ಮುಚ್ಚಳದಾಚೆ ನೀರು ತುಳುಕುತ್ತಿತ್ತು. ಕ್ಯಾಮೆರಾ ಅರ್ಧ ಮುಳುಗಿ ಕೂತಿತ್ತು.

ರಿಪೇರಿ ಮೇಜಿನ ಹಿಂದೆ ಕೂತಿದ್ದವಳು ಎದ್ದು ಕೈ ಚಾಚಿದಳು.

“ಬೇಗ ಕೊಡಿ, ಮೊದಲು ಬ್ಯಾಟರಿ ತೆಗೀಬೇಕು,” ಎಂದಳು.

“ಸೋರಿಕೆಯ ಕೆಂಪು ಲೈಟು ಹತ್ತಿತು. ಮೇಲೆ ಬರೋಷ್ಟರಲ್ಲಿ ತುಂಬಿಬಿಟ್ಟಿತ್ತು.” ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ಅವನು ಹೇಳಿದ, “ಅದೇ ಹೊತ್ತಿಗೆ ನಮ್ಮ ಅಪ್ಪ ಹೆರೋಕೆ ಶುರು ಮಾಡಿದ್ದ.”

ಅಪ್ಪ ಅಂದರೆ ಬಂದರಿನ ಕಂಬದ ಬುಡದಲ್ಲಿರುವ ಒಂದು ಗಂಡು ಕಡಲಕುದುರೆ. ಆ ಜಾತಿಯಲ್ಲಿ ಬಸಿರು ಹೊರುವುದೂ ಹೆರುವುದೂ ಗಂಡೇ. ಇದನ್ನು ಮೊದಲ ಸಲ ಕೇಳಿದ ದಿನ ಅವಳ ಚಿಕ್ಕಮ್ಮ, “ನೀರೊಳಗಾದರೂ ನ್ಯಾಯ ಇದೆಯಲ್ಲ!” ಎಂದು ಅಂಗಡಿ ನಡೆಸುವ ಚಿಕ್ಕಪ್ಪನ ಕಡೆ ನೋಡಿದ್ದಳು. ಆ ಅಪ್ಪ ಮರಿ ಹಾಕುವುದನ್ನು ಹಿಡಿಯಲೆಂದೇ ಈ ಫೋಟೋಗ್ರಾಫರ್ ಇಡೀ ಬೇಸಿಗೆ ದಿನಾ ನೀರಿಗಿಳಿದಿದ್ದ. ಅವನು ಮಾಡುತ್ತಿದ್ದ ಮಕ್ಕಳ ಪುಸ್ತಕಕ್ಕೆ ಇನ್ನು ಬೇಕಿದ್ದ ಚಿತ್ರ ಅದೊಂದೇ.

ಅವಳು ಪೆಟ್ಟಿಗೆಯನ್ನು ಹೊರಗಿಂದ ಒರೆಸಿ ಚಿಲಕ ತೆಗೆದಳು. ನೀರು ಟ್ರೇಗೆ ಸುರಿಯಿತು. ಬ್ಯಾಟರಿ ಹೊರಬಂತು, ಕ್ಯಾಮೆರಾ ಸಿಹಿನೀರಿನ ಬೋಗುಣಿಗೆ ಹೋಯಿತು. ಆಮೇಲೆ ಕಣ್ಣು ತಾನೇತಾನಾಗಿ ಮುಚ್ಚಳದ ಅಂಚಿಗೆ ಹೋಯಿತು. ಅಲ್ಲಿನ ತೋಡಿನಲ್ಲಿ ಒಂದು ಕಪ್ಪು ರಬ್ಬರ್ ರಿಂಗ್ ಕೂರುತ್ತದೆ. ಸಮುದ್ರಕ್ಕೂ ಕ್ಯಾಮೆರಾಕ್ಕೂ ನಡುವೆ ಇರುವುದು ಆ ರಿಂಗ್ ಅಷ್ಟೇ. ಅದರ ಮೇಲೆ ಒಂದು ಮರಳಿನ ಕಾಳು, ಟವೆಲಿನ ಒಂದು ಎಳೆ ಬಿದ್ದರೂ ಸಾಕು, ನೀರು ಒಳಗೆ.

ರಿಂಗಿನ ಮೇಲೆ ಅಡ್ಡಡ್ಡ ಒಂದು ಕೂದಲು ಬಿದ್ದಿತ್ತು.

ಉದ್ದನೆಯ ಕೂದಲು. ಫೋಟೋಗ್ರಾಫರನದು ಬೆರಳಿಗೂ ಸಿಗದ ಕ್ರಾಪು. ಚಿಕ್ಕಪ್ಪನ ತಲೆಯ ವಿಷಯ ಹೇಳುವುದೇ ಬೇಡ. ಅವಳು ಅದನ್ನು ಬೆರಳಿಗೆ ಸುತ್ತಿ ಏಪ್ರನ್ನಿನ ಜೇಬಿಗೆ ತುರುಕಿದಳು. ಯೋಚಿಸಿ ಮಾಡಿದ ಕೆಲಸವಲ್ಲ, ಕೈಯೇ ಮಾಡಿಬಿಟ್ಟಿತು. ತಲೆಯೆತ್ತಿದರೆ ಅವನು ನೆಲ ನೋಡುತ್ತಾ ನಿಂತಿದ್ದ.

“ತಪ್ಪು ನಂದು,” ಎಂದ ಮೆಲ್ಲಗೆ. “ನೀವು ಬೇಜಾರು ಮಾಡ್ಕೋಬೇಡಿ.”

ಆ ಮಾತಿಗೆ ಅವಳ ಕಿವಿ ಬಿಸಿಯಾಯಿತು. ಪಾಪ, ಎಷ್ಟು ಒಳ್ಳೆಯವನು ಎನ್ನಿಸಿತು. ಒಳ್ಳೆಯವನಾದಷ್ಟೂ ಜೇಬಿನೊಳಗಿನ ಕೂದಲು ಸುಡತೊಡಗಿತು.

ಡೈವ್ ಮಾಡುವವರೆಲ್ಲ ಅವಳನ್ನು ಹೆಡ್‌ಮಿಸ್ ಎಂದೇ ಕರೆಯುತ್ತಿದ್ದರು. ಮೇಜಿನ ಬಳಿ ಬಿಸ್ಕತ್ತು ತಿಂದರೆ ಬೈಗುಳ, ಕೈ ಒರೆಸದೆ ಗ್ರೀಸ್ ಡಬ್ಬಿ ಮುಟ್ಟಿದರೆ ಬೈಗುಳ. ‘ಕೂದಲು ಕಟ್ಟದವರು ಈ ಮೇಜಿಗೆ ಬರಬಾರದು’ ಎಂಬ ಬೋರ್ಡನ್ನು ಗೋಡೆಗೆ ಹೊಡೆದವಳೂ ಅವಳೇ. ಸವೆದು ಬಿಸಾಡುವ ಪುಟ್ಟ ರಬ್ಬರ್ ರಿಂಗಿನಿಂದ ಜಡೆಯನ್ನು ಗಂಟು ಕಟ್ಟಿಕೊಳ್ಳುತ್ತಿದ್ದಳು.

ಹಿಂದಿನ ವಾರ ಅವನು ರಿಂಗಿಗೆ ಗ್ರೀಸ್ ಸವರುತ್ತಾ, “ನಿಮ್ಮ ಕೂದಲು ಎಷ್ಟುದ್ದ ಅಂತ ಊಹೆ ಮಾಡೋಕೂ ಬಿಡಲ್ಲವಲ್ಲ ನೀವು,” ಎಂದಿದ್ದ.

“ಗ್ರೀಸ್ ಜಾಸ್ತಿ ಆಯ್ತು, ಒರೆಸಿ,” ಎಂದಿದ್ದಳು ಅವಳು, ಹೆಡ್‌ಮಿಸ್ಸಿನ ದನಿಯಲ್ಲೇ.

ಆದರೆ ನಿನ್ನೆ ಬೆಳಿಗ್ಗೆ ತಲೆಸ್ನಾನ ಮಾಡಿದವಳು ಗಂಟು ಹಾಕಲಿಲ್ಲ. “ಏನೇ ಇದು?” ಎಂದ ಚಿಕ್ಕಮ್ಮನಿಗೆ, “ಒದ್ದೆ ಇದೆ, ಒಣಗಲಿ,” ಎಂದಿದ್ದಳು. ಮಧ್ಯಾಹ್ನ ಅವನು ಬರುವ ಹೊತ್ತಿಗೂ ಅದು ಒಣಗಿರಲಿಲ್ಲವಂತೆ! ಅವಳು ಬಗ್ಗಿ ಮುಚ್ಚಳ ಒತ್ತಿದಾಗ ಕೂದಲು ಭುಜದಿಂದ ಜಾರಿ ಮುಂದೆ ಬಿದ್ದಿತ್ತು. ಎದುರಿಗೆ ಅವನು ಟಾರ್ಚ್ ಹಿಡಿದು ನಿಂತಿದ್ದ. ಅದು ಚಿಕ್ಕಪ್ಪ ಹಾಕಿದ ಪದ್ಧತಿ. ಒಬ್ಬರು ಮುಚ್ಚಬೇಕು, ಇನ್ನೊಬ್ಬರು ಟಾರ್ಚ್ ಬಿಟ್ಟು ರಿಂಗಿನ ಸುತ್ತಲೂ ನೋಡಿ ಬಾಯಿಬಿಟ್ಟು ‘ಸರಿ’ ಅನ್ನಬೇಕು. ಆಮೇಲೇ ಚಿಲಕ.

ಅವನು ‘ಸರಿ’ ಅಂದಿದ್ದ. ಅವಳು ಚಿಲಕ ಹಾಕಿದ್ದಳು.

ಗೋದಾಮಿನಿಂದ ಬಂದ ಚಿಕ್ಕಪ್ಪ ಟ್ರೇ ನೋಡಿದರು, ಬೋಗುಣಿ ನೋಡಿದರು.

“ಟಾರ್ಚ್ ಹಿಡಿದಿದ್ದು ಯಾರು?”

“ನಾನೇ.”

“ಸರಿ ಅಂದ್ರಾ?”

“ಅಂದೆ.”

“ನಮ್ಮ ಹುಡುಗಿ ಕೈಯಲ್ಲಿ ಇವತ್ತಿನವರೆಗೆ ಒಂದು ತೊಟ್ಟು ನೀರು ಒಳಗೆ ಹೋಗಿಲ್ಲ, ಗೊತ್ತಾ? ನೋಡದೆ ಸರಿ ಅನ್ನೋರಿಗೆ ಇಲ್ಲಿ ಜಾಗ ಇಲ್ಲಪ್ಪ. ಸಂಜೆ ಬಂದು ಸಾಮಾನು ತಗೊಂಡು ಹೋಗಿ. ಇನ್ಮೇಲೆ ಬೇರೆ ಅಂಗಡಿ ನೋಡ್ಕೊಳ್ಳಿ.”

ಅವನು ತಲೆಯಾಡಿಸಿದ. ಬಾಗಿಲ ಬಳಿ ಒಮ್ಮೆ ತಿರುಗಿ ಅವಳನ್ನು ನೋಡಿ, ಥಟ್ಟನೆ ಕಣ್ಣು ತಪ್ಪಿಸಿ ಹೊರಟುಹೋದ. ಅವಳ ಕೈ ಏಪ್ರನ್ನಿನ ಜೇಬಿನ ಮೇಲೇ ಇತ್ತು. ‘ನಮ್ಮ ಹುಡುಗಿ’ ಎಂಬ ಹೆಮ್ಮೆಯ ಮಾತು ಅಂಗಡಿ ತುಂಬಾ ಕೇಳಿಸಿದಂತಾಗಿ, ಎಲ್ಲಾದರೂ ಹೋಗಿ ಬಚ್ಚಿಟ್ಟುಕೊಳ್ಳೋಣ ಎನ್ನಿಸಿತು.

ಊಟದ ಹೊತ್ತಿಗೆ ತಟ್ಟೆಯ ಮುಂದೆ ಕೂತು ಲೆಕ್ಕ ಹಾಕಿದಳು. ಕೂದಲಿನ ವಿಷಯ ಹೇಳಿದರೆ ಕೈಗಿದ್ದ ಹೆಸರು ಹೋಗುತ್ತದೆ. ಅದನ್ನಾದರೂ ತಡೆದುಕೊಳ್ಳಬಹುದು. ಆದರೆ ಕೂದಲು ಯಾಕೆ ಬಿಟ್ಟಿದ್ದೆ ಎಂಬ ಮುಂದಿನ ಪ್ರಶ್ನೆ? ಹೇಳದಿದ್ದರೆ ಅವನು ಈ ಬಾಗಿಲಿಗೆ ಮತ್ತೆ ಬರುವುದಿಲ್ಲ. ಹೇಳಿದರೆ, ಇವಳಿಂದಲೇ ಅಪ್ಪನ ಫೋಟೋ ಹೋಯಿತು ಎಂದು ತಿಳಿದು, ಆಗಲೂ ಬರುವುದಿಲ್ಲ.

“ಏನಾಯ್ತೇ? ತಟ್ಟೆ ಹಾಗೇ ಇದೆ,” ಎಂದಳು ಚಿಕ್ಕಮ್ಮ.

“ಹಸಿವಿಲ್ಲ.”

“ತಲೆ ಒಣಗಿತಾ?” ಎಂದು ಕೇಳಿದ ಚಿಕ್ಕಮ್ಮನ ಮುಖದಲ್ಲಿ ನಗೆಯೇನೂ ಇರಲಿಲ್ಲ. ಅವಳಿಗೆ ಅಳು ಬಂತು.

ಸಂಜೆ ಅವನು ಬಂದಾಗ ಅಂಗಡಿಯಲ್ಲಿ ಜನರಿದ್ದರು. ಇಬ್ಬರು ಡೈವರ್‌ಗಳು ಹರಟುತ್ತಿದ್ದರು, ಚಿಕ್ಕಮ್ಮ ಗಾಗಲ್ಸ್ ಜೋಡಿಸುತ್ತಿದ್ದಳು. ಅವನು ಯಾರನ್ನೂ ನೋಡದೆ ಚೀಲ ತೆಗೆದುಕೊಂಡ. ಬಾಗಿಲ ಹಿಡಿಗೆ ಕೈ ಹೋಯಿತು.

“ನಿಲ್ಲಿ.”

ಹರಟೆ ನಿಂತಿತು. ಅವಳು ಜೇಬಿನಿಂದ ಕೂದಲನ್ನು ತೆಗೆದು ಬಿಳಿ ಬಟ್ಟೆಯ ಮೇಲಿಟ್ಟಳು.

“ಚಿಕ್ಕಪ್ಪ, ಇದು ರಿಂಗಿನ ಮೇಲಿತ್ತು. ನಂದೇ. ಬೆಳಿಗ್ಗೆನೇ ಸಿಕ್ತು, ಬಚ್ಚಿಟ್ಟೆ. ನೀವು ಇವರನ್ನ ಬೈಯುವಾಗಲೂ ಸುಮ್ಮನಿದ್ದೆ.”

ಡೈವರ್‌ಗಳು ಗೋಡೆಯ ಬೋರ್ಡಿನ ಕಡೆ ನೋಡಿದರು. ಚಿಕ್ಕಪ್ಪನ ಮುಖ ಇಳಿದುಹೋಯಿತು. ಅವರು ಕೂಗಾಡಿದ್ದರೆ ಚೆನ್ನಾಗಿತ್ತು.

“ಬೋರ್ಡ್ ಹಾಕಿದವಳು ನೀನೇ ಅಲ್ಲವೇನಮ್ಮ? ಯಾಕೆ ಬಿಟ್ಟಿದ್ದೆ ಕೂದಲು?”

ಒದ್ದೆಯಿತ್ತು ಎನ್ನಬಹುದಿತ್ತು. ಬಾಯಿವರೆಗೆ ಬಂದೂ ಇತ್ತು. ಆದರೆ ಒಂದೇ ದಿನ ಎಷ್ಟು ಸಲ ಮುಚ್ಚಿಡುವುದು?

“ಇವರು ಬರ್ತಾರೆ ಅಂತ,” ಎಂದಳು. “ನೋಡಲಿ ಅಂತ.”

ಅವಳ ಮುಖ ಕೆಂಪೇರಿತು. ಇಬ್ಬರಲ್ಲಿ ಒಬ್ಬ ಡೈವರ್ ಕೆಮ್ಮಿದ. ಚಿಕ್ಕಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಹುಡುಗಿ ಟ್ರೇ ಎತ್ತಿಕೊಂಡು ಒಳಗೆ ಓಡಿಹೋಗುವುದರಲ್ಲಿದ್ದಳು.

“ನೋಡಿದೆ,” ಎಂದ ಬಾಗಿಲ ಬಳಿಯಿದ್ದವನು.

ಚೀಲ ಕೆಳಗಿಟ್ಟು ಮೇಜಿನ ಹತ್ತಿರ ಬಂದ. ಅವನ ಕಿವಿಯೂ ಕೆಂಪಾಗಿತ್ತು.

“ಟಾರ್ಚ್ ಬೆಳಕು ರಿಂಗಿನ ಮೇಲಿತ್ತು, ಸಾರ್. ಕಣ್ಣು ಇರಲಿಲ್ಲ. ಇವರು ಮುಚ್ಚೋಕೆ ಬಗ್ಗಿದ್ರು, ಕೂದಲು ಹೀಗೆ ಮುಂದೆ ಬಿತ್ತು... ಇವರು ತಲೆಯೆತ್ತಿ ಕಾಯ್ತಾ ಇದ್ರು. ಸಿಕ್ಕಿಬಿದ್ದೆ ಅಂತ ಗಾಬರಿಯಾಗಿ ‘ಸರಿ’ ಅಂದುಬಿಟ್ಟೆ. ರಿಂಗ್ ನೋಡಲೇ ಇಲ್ಲ. ಅದಕ್ಕೇ ಬೆಳಿಗ್ಗೆ ತಪ್ಪು ನಂದು ಅಂದಿದ್ದು. ಯಾಕೆ ಅಂತ ಇವರು ಕೇಳಿಬಿಟ್ರೆ ಏನು ಹೇಳೋದು ಅಂತ ನೆಲ ನೋಡ್ತಾ ನಿಂತಿದ್ದೆ.”

“ನಾನು ನಿಮ್ಮನ್ನ ದೊಡ್ಡ ಮನಸ್ಸಿನವರು ಅಂದ್ಕೊಂಡಿದ್ದೆ!” ಅವಳ ದನಿಯಲ್ಲಿ ಸಿಟ್ಟೂ ಅಳುವೂ ಒಟ್ಟಿಗೆ ಬಂದವು.

“ನಾನು ನಿಮ್ಮನ್ನ ಹೆಡ್‌ಮಿಸ್ ಅಂದ್ಕೊಂಡಿದ್ದೆ.”

“ನಿಮ್ಮ ಅಪ್ಪನ ಫೋಟೋ ಹೋಯ್ತಲ್ರೀ.”

“ಹೋಯ್ತು,” ಎಂದ. ಆ ನೋವು ಮುಖದ ಮೇಲೆ ಹಾದುಹೋಗಿದ್ದನ್ನು ಅವನು ಮುಚ್ಚಿಡಲಿಲ್ಲ. “ಅವನು ಮತ್ತೆ ಬಸುರಿ ಆಗ್ತಾನೆ, ಬೇಗನೇ. ಬೇರೆ ಅಂಗಡಿ ನೋಡ್ಕೊಳ್ಳಿ ಅಂದ್ರಲ್ಲ, ನಂಗೆ ತಡೆಯೋಕಾಗದೆ ಹೋಗಿದ್ದು ಅದು.”

ಚಿಕ್ಕಪ್ಪ ಬೋಳುತಲೆ ಸವರಿಕೊಂಡರು. ಟಾರ್ಚನ್ನು ಕೈಗೆತ್ತಿಕೊಂಡು, ಒತ್ತಿ ನೋಡಿ, ಹೆಂಡತಿಯ ಕೈಗೆ ಕೊಟ್ಟರು.

“ಇನ್ಮೇಲೆ ಈ ಮನುಷ್ಯನ ಪೆಟ್ಟಿಗೆ ಮುಚ್ಚುವಾಗ ಟಾರ್ಚ್ ನಿಂದು. ಇವರಿಬ್ಬರನ್ನೂ ನಂಬೋ ಹಾಗಿಲ್ಲ.”

ಅವಳ ಹೆಸರಿಗೆ ಹತ್ತಿದ ಮಸಿ ಸುಲಭಕ್ಕೆ ತೊಳೆದುಹೋಗಲಿಲ್ಲ. ಬಹಳ ದಿನ ಡೈವರ್‌ಗಳು ಪೆಟ್ಟಿಗೆ ಕೊಡುವಾಗ ಅವಳ ತಲೆಯ ಕಡೆ ನೋಡಿಯೇ ಕೊಟ್ಟರು. ಅವಳು ಸಹಿಸಿದಳು. ಅವನ ಕ್ಯಾಮೆರಾ ಉಳಿಯಲಿಲ್ಲ. ಚಿಕ್ಕಪ್ಪ ಗೊಣಗುತ್ತಲೇ ತಮ್ಮ ಹಳೆಯದೊಂದನ್ನು ಕೊಟ್ಟರು.

ಕಂಬದ ಬುಡದ ಅಪ್ಪನಿಗೆ ಮತ್ತೆ ಹೊಟ್ಟೆ ಮುಂದೆ ಬಂದ ಸುದ್ದಿ ತಂದ ದಿನ, ಅವನನ್ನು ಬಾಗಿಲಿನಾಚೆ ನಿಲ್ಲಿಸಿದರು. ಅದು ಚಿಕ್ಕಮ್ಮನ ಕಾನೂನು. ಗಾಜಿನಾಚೆಯಿಂದ ಅವನು ಮೂಗು ಒತ್ತಿಕೊಂಡು ನೋಡುತ್ತಿದ್ದ. ಒಳಗೆ ಅವಳು ಜಡೆಯನ್ನು ಬಿಗಿಯಾಗಿ ಗಂಟು ಹಾಕಿ, ಮೇಲೊಂದು ಬಟ್ಟೆಯನ್ನೂ ಕಟ್ಟಿ, ತೋಡು ಒರೆಸಿದಳು. ರಿಂಗನ್ನು ಬೆರಳ ನಡುವೆ ಎಳೆದು ತಡವಿ ನೋಡಿ ಕೂರಿಸಿದಳು. ಮುಚ್ಚಳ ಇಟ್ಟಳು. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಟಾರ್ಚ್ ಬಿಟ್ಟು ಸುತ್ತಲೂ ನೋಡಿದಳು. ಸಾಲದೆಂದು ಇನ್ನೊಂದು ಸುತ್ತು ನೋಡಿದಳು.

“ಸರಿ.”

ಚಿಲಕ ಬಿತ್ತು. ಪೆಟ್ಟಿಗೆ ಪರೀಕ್ಷೆಯ ನೀರಿನ ತೊಟ್ಟಿಗಿಳಿಯಿತು. ಒಂದು ಗುಳ್ಳೆಯೂ ಬರಲಿಲ್ಲ.

ಅವಳು ಕೈ ಒರೆಸಿಕೊಂಡು ಬಾಗಿಲು ತೆರೆದಳು. ತಲೆಯ ಬಟ್ಟೆ ಬಿಚ್ಚಿದಳು. ಜಡೆಯಿಂದ ಪುಟ್ಟ ರಬ್ಬರ್ ರಿಂಗನ್ನು ಎಳೆದು ಅವನ ಅಂಗೈಯಲ್ಲಿಟ್ಟಳು. ಕೂದಲು ಬೆನ್ನ ಮೇಲೆ ಇಳಿಯಿತು. ನಾಚಿಕೆಯೇನೂ ಪೂರ್ತಿ ಹೋಗಿರಲಿಲ್ಲ, ಆದರೆ ಅವಳು ಕಣ್ಣು ತಪ್ಪಿಸಲಿಲ್ಲ.

“ಮುಚ್ಚಿ ಆಯ್ತು,” ಎಂದಳು. “ಈಗ ನೋಡಿ.”